ವರಮಹಾಲಕ್ಷ್ಮಿಯೂ ಮೊಟ್ಟೆ ವಾಸನೆಯೂ

ಮುಂಬೈನ ಮುಲುಂಡ್ ಪೂರ್ವದಲ್ಲಿ ಬೆಳ್ಳಿ ಸಾಮಾನು ಇಟ್ಟುಕೊಳ್ಳುವುದೂ ಒಂದೇ, ಹಸುಗೂಸು ಸಾಕುವುದೂ ಒಂದೇ. ಸ್ವಲ್ಪ ಗಮನ ತಪ್ಪಿದರೆ ಮುಖ ಸಣ್ಣಗೆ ಮಾಡಿಕೊಳ್ಳುತ್ತದೆ. ಶ್ರಾವಣದಲ್ಲಿ ಅತ್ತೆಯವರು ಪೂಜೆ ಗಂಟು ಬಿಚ್ಚಿದಾಗ ದೀಪ ಹಳದಿ, ತಟ್ಟೆ ಕಂದು, ಕುಂಕುಮದ ಭರಣಿಯಂತೂ ಅಪ್ಪಟ ಕಾಡಿಗೆ ಡಬ್ಬಿ.

"ಎಲ್ಲಾ ಕಳೆಗುಂದಿ ಕೂತಿವೆ ನೋಡು" ಅಂದರು ಅತ್ತೆ. ಕೆಲಸದ ಬಾಯಿ ಇಣುಕಿ "ಚಾಂದಿ ಕಾಳವಂಡ್ಲಿ" ಅಂದಳು. ಎದುರುಮನೆ ಗುಜರಾತಿ ಬೆನ್ "ಕಾಳಿ ಪಡಿ ಗಯಿ" ಎಂದು ಲೊಚಗುಟ್ಟಿದರು. ಕನ್ನಡವನ್ನು ಊಟದ ಹೊತ್ತಿಗೆ ಮಾತ್ರ ಬಳಸುವ ನನ್ನ ಮಗಳು ಕೇಳಿದಳು, "ಅಜ್ಜಿ, ಕಳೆ ಅಂದ್ರೆ ಗದ್ದೇಲಿ ಕೀಳೋದಲ್ವಾ? ಕುಂದಿದ್ರೆ ಒಳ್ಳೇದೇ ಆಯ್ತಲ್ಲ?"

ನಿವೃತ್ತ ಮೇಷ್ಟ್ರಾದ ಮಾವನವರಿಗೆ ಅಷ್ಟು ಸಾಕಾಯಿತು. ಪೇಪರ್ ಮಡಿಸಿದರು. ಈ ಕಳೆಗೂ ಗದ್ದೆಯ ಕಳೆಗೂ ನಂಟಿಲ್ಲ, ಇದು ಸಂಸ್ಕೃತದ 'ಕಲಾ', ಚಂದ್ರನ 16 ಭಾಗಗಳಲ್ಲಿ ಒಂದು. ಕುಂದು ಅಚ್ಚಗನ್ನಡ. ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೆ ಇಲ್ಲೂ 'ಕ' ಹೋಗಿ 'ಗ' ಬಂತು, ಆದೇಶ ಸಂಧಿ. ಕೃಷ್ಣಪಕ್ಷದಲ್ಲಿ ಚಂದ್ರ ದಿನಾ ಮಾಡುವ ಕೆಲಸವನ್ನೇ ನಮ್ಮ ಭರಣಿ ಮಾಡಿದೆ. 'ಳ' ಬಿಟ್ಟು 'ಲ' ಅಂದರೆ ಮಾತ್ರ ಜೋಕೆ, 'ಕಲೆ' ಅಂದರೆ ಡಾಗೂ ಹೌದು. ಹೊಳಪಿಗೂ ಡಾಗಿಗೂ ಕನ್ನಡದಲ್ಲಿ ನಾಲಗೆ ಒಮ್ಮೆ ಮಡಿಚುವಷ್ಟೇ ಅಂತರ! ಪಾಠ ಮುಗಿಯುವಷ್ಟರಲ್ಲಿ ಮಗಳು ಜಾಗ ಖಾಲಿ ಮಾಡಿದ್ದಳು.

ಕೆಮಿಕಲ್ ಫ್ಯಾಕ್ಟರಿಯಲ್ಲಿರುವ ಮೈದುನನಿಗೆ ಸಂಧಿಯಲ್ಲಿ ಆಸಕ್ತಿಯಿಲ್ಲ. ಬರೀ ಆಮ್ಲಜನಕಕ್ಕೆ ಬೆಳ್ಳಿ ಜಗ್ಗುವುದಿಲ್ಲ, ಅದರ ಶತ್ರು ಗಂಧಕ ಅಂದ. ಗಟಾರ, ಕಡಲ ಖಾಡಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೆಸರು, ಎಲ್ಲ ಕಡೆಯಿಂದಲೂ ಹೈಡ್ರೋಜನ್ ಸಲ್ಫೈಡ್ ಎಂಬ ಗಂಧಕದ ಅನಿಲ ಏಳುತ್ತದೆ. ಮಳೆಗಾಲದ ತೇವವೂ ಸೇರಿದರೆ ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡ್ ಪದರ. ತೆಳುವಾಗಿದ್ದಾಗ ಹಳದಿ, ದಪ್ಪವಾದಂತೆ ಕಂದು, ಆಮೇಲೆ ಕಪ್ಪು. ಭರಣಿಯ ಸೊಂಟದ ಸುತ್ತ ಮಾತ್ರ ಉಡಿದಾರ ಕಟ್ಟಿದ ಹಾಗೆ ಕಡುಗಪ್ಪು ಗೆರೆಯೊಂದಿತ್ತು. ಮುಚ್ಚಳ ಬೀಳದಿರಲೆಂದು ಅತ್ತೆಯವರೇ ರಬ್ಬರ್ ಬ್ಯಾಂಡ್ ಹಾಕಿದ್ದರು. ರಬ್ಬರನ್ನು ಗಟ್ಟಿ ಮಾಡುವುದೂ ಗಂಧಕದಿಂದಲೇ. ಅತ್ತೆ ಈ ಭಾಗವನ್ನು ಕೇಳಿಸಿಕೊಳ್ಳಲಿಲ್ಲ.

ವಿಭೂತಿ ಹಚ್ಚಿ ತಿಕ್ಕಬೇಕೆಂದು ಅತ್ತೆ. ತಿಕ್ಕಿದರೆ ಬೆಳ್ಳಿ ಸವೆಯುತ್ತದೆಂದು ಮೈದುನ. ಅವನೇ ಗೆದ್ದ. ಪಾತ್ರೆಯ ತಳಕ್ಕೆ ಅಲ್ಯುಮಿನಿಯಂ ಫಾಯಿಲ್ ಹಾಸಿ, ಬೆಳ್ಳಿಯನ್ನು ಅದಕ್ಕೆ ತಾಗುವಂತೆ ಇಟ್ಟು, ಅಡುಗೆ ಸೋಡ ಉದುರಿಸಿ, ಕುದಿಯುವ ನೀರು ಸುರಿದ. ಬೆಳ್ಳಿ ಹಿಡಿದಿಟ್ಟ ಗಂಧಕವನ್ನು ಅಲ್ಯುಮಿನಿಯಂ ಬಿಡಿಸುತ್ತದಂತೆ. ನೋಡನೋಡುತ್ತಲೇ ನೀರಿನೊಳಗೆ ಭರಣಿ ಬೆಳ್ಳಗಾಯಿತು, ಉಡಿದಾರ ಕರಗಿತು. ಅತ್ತೆ ಕೂಡ "ಪರವಾಗಿಲ್ವೇ" ಅಂದರು. ಅವರ ಬಾಯಲ್ಲಿ ಅದು ಪದ್ಮಶ್ರೀಗೆ ಸಮ.

ಬಿಡುಗಡೆಯಾದ ಗಂಧಕ ಸುಮ್ಮನೆ ಹೋಗುತ್ತದೆಯೇ? ಕೊಳೆತ ಮೊಟ್ಟೆಯ ವಾಸನೆಯೊಂದನ್ನು ಬಿಟ್ಟೇ ಹೋಯಿತು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಅದನ್ನು ಶ್ರದ್ಧೆಯಿಂದ ಪ್ಯಾಸೇಜಿಗೆ ತಳ್ಳಿತು. ಬೆಳ್ಳುಳ್ಳಿ ಒಗ್ಗರಣೆಗೂ ಕಿಟಕಿ ಮುಚ್ಚಿಕೊಳ್ಳುವ ಬಿಲ್ಡಿಂಗು ನಮ್ಮದು. ಅದೂ ಶ್ರಾವಣ ಶುಕ್ರವಾರ. ಐದೇ ನಿಮಿಷಕ್ಕೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆ ಬಂತು: ನಮ್ಮ ಮಾಳಿಗೆಯಲ್ಲಿ ಯಾರ ಮನೆಯಲ್ಲಿ ಅಂಡಾ?

"ಲಕ್ಷ್ಮಿ ಪೂಜೆಗೆ ತಯಾರಿ" ಎಂದು ನಾನು ಬರೆದೆ. ಯಾರೂ ನಂಬಲಿಲ್ಲ. ಮಾವನವರು ಹೈಡ್ರೋಜನ್ ಸಲ್ಫೈಡ್‌ಗೆ 'ಜಲಜನಕದ ಗಂಧಕ' ಎಂದು ಅನುವಾದಿಸಿ ಕನ್ನಡದಲ್ಲೇ ವಿವರಣೆ ಹಾಕಿದರು. ಗುಮಾನಿ ಇನ್ನಷ್ಟು ಬಲವಾಯಿತು.

ಸಂಜೆ ಅರಿಶಿನ ಕುಂಕುಮಕ್ಕೆ ಎದುರುಮನೆ ಬೆನ್ ಬಂದರು. ಅತ್ತೆ ಹೊಳೆಯುವ ಭರಣಿ ಮುಂದೆ ಹಿಡಿದರು. ಬೆನ್ ನಯವಾಗಿ ಅದನ್ನು ಕೈಗೆ ತೆಗೆದುಕೊಂಡು, ಹಣೆಗಿಂತ ಮೊದಲು ಮೂಗಿನ ಹತ್ತಿರ ಒಯ್ದರು.