ಗುಟ್ಟು ರಟ್ಟಾಗದ ಕಳ್ಳಸಾಗಣೆ

2014ರ ಈಸ್ಟರ್ ವಾರದಲ್ಲಿ ಬಿಬಿಸಿ 'ಜಮೈಕಾ ಇನ್' ಅನ್ನೋ ಮೂರು ಕಂತಿನ ಧಾರಾವಾಹಿ ತೋರಿಸಿತು. ಡಾಫ್ನೆ ಡು ಮೋರಿಯೆ 1936ರಲ್ಲಿ ಬರೆದ ಕಾದಂಬರಿಯ ಕಥೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ಬಯಲು, ಮಂಜು, ಕೆಸರು, ನಡುವೆ ಜಮೈಕಾ ಇನ್ ಅನ್ನೋ ಒಂದು ಒಂಟಿ ಹೋಟೆಲು. ತಾಯಿ ತೀರಿಹೋದ ಮೇಲೆ ಮೇರಿ ಅಲ್ಲಿರುವ ಚಿಕ್ಕಮ್ಮನ ಆಸರೆಗೆ ಬರುತ್ತಾಳೆ. ಚಿಕ್ಕಪ್ಪ ಜಾಸ್ ಕಳ್ಳಸಾಗಣೆಯವನು. ಅವನ ತಮ್ಮ ಜೆಮ್ ಕುದುರೆ ಕಳ್ಳ. ಹುಡುಗಿಯ ಮನಸ್ಸು ಹೋಗಿ ಹೋಗಿ ಅವನ ಮೇಲೇ!

ಇಷ್ಟು ಕಥೆ ಗೊತ್ತಿದ್ದದ್ದು ಪುಸ್ತಕ ಓದಿದವರಿಗೆ. ಟಿವಿ ಮುಂದೆ ಕೂತವರಿಗೆ ಕೇಳಿಸಿದ್ದು ಬರೀ ಗೊಣಗಾಟ.

ಜಾಸ್ ಬಾಯಿ ಆಡಿಸುತ್ತಾನೆ, ಮಾತು ಗಡ್ಡ ದಾಟುವುದಿಲ್ಲ. ಸುಂಕದವರು ಬಾಗಿಲಿಗೆ ಕಿವಿಯಿಟ್ಟು ಕೂತಿದ್ದರೂ ಕೋರ್ಟಿನಲ್ಲಿ ಕೇಸು ನಿಲ್ಲುತ್ತಿರಲಿಲ್ಲ. ಇಂಗ್ಲಿಷರು ಇಂಗ್ಲೆಂಡಿನಲ್ಲೇ ಕೂತು, ಇಂಗ್ಲಿಷ್ ಧಾರಾವಾಹಿಗೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡರು. ಅದೂ ಟಿವಿ ನೋಡಲು ವರ್ಷಕ್ಕೆ 145.50 ಪೌಂಡ್ ಲೈಸೆನ್ಸ್ ಶುಲ್ಕ ಕಟ್ಟಿ. ಅಷ್ಟು ದುಡ್ಡಿಗೆ ಕಾದಂಬರಿಯೇ ಸಿಗುತ್ತಿತ್ತು, ಓದುವುದೇ ಆದರೆ ದೀಪವನ್ನಾದರೂ ಹಾಕಿಕೊಳ್ಳಬಹುದಿತ್ತು ಅಲ್ವಾ?

ದೂರು ಹೋಯಿತು. ಸುಂಕದವನ ಮುಂದೆ ಸುಖ-ದುಃಖ ಹೇಳಿಕೊಂಡ ಹಾಗೆ. ಧ್ವನಿಯ ಮಟ್ಟದಲ್ಲಿ ಏನೋ ತಾಂತ್ರಿಕ ತೊಂದರೆ, ಸರಿಮಾಡುತ್ತೇವೆ ಎಂದು ಬಿಬಿಸಿ ಹೇಳಿತು. ಮಾರನೇ ರಾತ್ರಿ ಸರಿಮಾಡಿದ್ದೂ ಆಯಿತು. ಈಗ ಗೊಣಗಾಟ ಜೋರಾಗಿ ಕೇಳಿಸಿತು. ಮೊದಲ ಕಂತಿಗೆ ಇದ್ದ ಸುಮಾರು 60 ಲಕ್ಷ ಪ್ರೇಕ್ಷಕರು ಎರಡನೆಯದಕ್ಕೆ 45 ಲಕ್ಷಕ್ಕೆ ಇಳಿದರು. ದೂರು ಮಾತ್ರ ಏರುತ್ತಾ ಹೋಗಿ 2,000 ದಾಟಿತು. ಕಳ್ಳಸಾಗಣೆಯವರು ಸುಂಕದ ಕಣ್ಣಿಗೆ ಮಣ್ಣೆರಚುವುದು ಹಳೇ ಕಸುಬು. ಕಾಸು ಕೊಟ್ಟು ನೋಡಲು ಬಂದವರಿಂದಲೇ ಸರಕು ಬಚ್ಚಿಟ್ಟ ಕೀರ್ತಿ ಈ ತಂಡದ್ದು.

ಕೊನೆಗೆ ನಾಟಕ ವಿಭಾಗದ ಮುಖ್ಯಸ್ಥ ಬೆನ್ ಸ್ಟೀಫನ್‌ಸನ್ ಕ್ಷಮೆ ಕೇಳಿದರು. ಅವರ ಮಾತು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು. ಅವರನ್ನೇ ಜಾಸ್ ಪಾತ್ರಕ್ಕೆ ಹಾಕಿಕೊಂಡಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ.

ಪಾಠ ಕಲಿತರಾ? 2017ರಲ್ಲಿ ಬಿಬಿಸಿಯದೇ 'ಎಸ್‌ಎಸ್-ಜಿಬಿ' ಧಾರಾವಾಹಿ ಬಂತು. ನಾಜಿಗಳು ಗೆದ್ದು ಲಂಡನ್ ಆಳುತ್ತಿದ್ದಾರೆ ಎಂಬ ಕಲ್ಪನೆ, ನಾಯಕ ಸ್ಕಾಟ್‌ಲೆಂಡ್ ಯಾರ್ಡ್, ಅಂದರೆ ಲಂಡನ್ ಪೊಲೀಸರ ಪತ್ತೇದಾರ. ಮತ್ತೆ ಅದೇ ದೂರು, ಅದೇ ಸಬ್‌ಟೈಟಲ್. ಕಳ್ಳರು ಪಿಸುಗುಟ್ಟಿದರೆ ಸರಿ, ಹೊಟ್ಟೆಪಾಡು ಅನ್ನೋಣ. ಪೊಲೀಸರಿಗೇನು ಬಂತು ರೋಗ?