ಚುಕ್ಕಿಯನ್ನು ಯಾರಿಗೆ ಕೊಡಲಿ?

ನಮ್ಮಲ್ಲಿರುವ ಕಣ್ಣು ಕಾಣದ ನಾಯಿ ಚುಕ್ಕಿಗೆ ಮನೆ ಬೇಕು ಅಂತ ಹೋದ ವಾರ ಬರೆದ ಮೇಲೆ 11 ಜನ ಫೋನ್ ಮಾಡಿದರು. ಹೆಚ್ಚಿನವರ ಮೊದಲ ಮಾತು "ಅಯ್ಯೋ ಪಾಪ". ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಗೊತ್ತು. ಆದರೂ ಇನ್ನೂ ಯಾರಿಗೂ ಹೂಂ ಅಂದಿಲ್ಲ.

ಅವಳ ಕಣ್ಣು ಹೋಗಿದ್ದು ಗ್ಲಾಕೋಮಾದಿಂದ. ಕಣ್ಣೊಳಗಿನ ಒತ್ತಡ ಏರುವ ಕಾಯಿಲೆ ಅದು, ತುಂಬಾ ನೋವು ಕೊಡುತ್ತದೆ. ಅವಳು ನಮಗೆ ಸಿಗುವಷ್ಟರಲ್ಲಿ ನೋಟ ಉಳಿದಿರಲಿಲ್ಲ. ಡಾಕ್ಟರು ಎರಡೂ ಕಣ್ಣು ತೆಗೆದು ರೆಪ್ಪೆ ಹೊಲಿದರು. ನೋಡಿದವರಿಗೆ ಕರುಳು ಚುರ್ ಅನ್ನುತ್ತದೆ. ಅವಳಿಗೆ ಮಾತ್ರ ನೋವು ಹೋಯಿತು. ಕೆಲವೇ ದಿನಗಳಲ್ಲಿ ಮತ್ತೆ ಬಾಲ ಆಡಿಸತೊಡಗಿದಳು.

ಮನೆಗೆ ಬಂದ ದಿನ ಬೆಲ್ಟ್ ಹಾಕಿ ಒಂದೊಂದೇ ಕೋಣೆ ಸುತ್ತಿಸಿದೆ. ನೀರಿನ ಬಟ್ಟಲಿನ ಹತ್ತಿರ ಒರಟು ಚಾಪೆ ಹಾಸಿದೆ, ಪಾದಕ್ಕೆ ಗುರುತು ಸಿಗಲಿ ಅಂತ. ಮೊದಲ ವಾರ ಕಂಡಕಂಡಲ್ಲಿ ಢಿಕ್ಕಿ. ಈಗ ಎದ್ದವಳೇ ನೇರ ನೀರಿನ ಹತ್ತಿರ ಹೋಗುತ್ತಾಳೆ. "ಮೆಟ್ಟಿಲು" ಅಂದರೆ ನಿಂತು, ಮುಂಗಾಲಿನಿಂದ ತಡವಿ, ಇಳಿಯುತ್ತಾಳೆ. ನಾನು ಕುರ್ಚಿಯೊಂದನ್ನೂ ಆಚೀಚೆ ಸರಿಸುವುದಿಲ್ಲ.

ಈ ಮನೆಯ ನಕ್ಷೆಯನ್ನು ಅವಳು ಮೂಗು, ಕಿವಿ, ಪಾದಗಳಿಂದ ಬರೆದುಕೊಂಡಿದ್ದಾಳೆ. ಬೇರೆ ಮನೆಗೆ ಹೋದರೆ ಎಲ್ಲ ಮೊದಲಿಂದ. ಅವರು ತಿಂಗಳಿಗೇ ಸಾಕಾಗಿ ವಾಪಸ್ ತಂದರೆ ಇನ್ನೊಂದು ಸಲ. ಬರೀ ಪಾಪ ಅನ್ನಿಸಿ ಒಯ್ದವರು ಹೀಗೆ ವಾಪಸ್ ತಂದದ್ದನ್ನು ನೋಡಿದ್ದೇನೆ. ಅದಕ್ಕೇ ನನಗೆ ಅವಸರ ಇಲ್ಲ.

"ಹಾಗಾದರೆ ನೀವೇ ಇಟ್ಟುಕೊಳ್ಳಿ" ಅನ್ನುತ್ತಾರೆ. ಆಸೆ ನನಗೂ ಇದೆ. ಆದರೆ ನಮ್ಮಲ್ಲಿ ಗಾಯಗೊಂಡ ನಾಯಿಗಳು ಬರುತ್ತಾ ಹೋಗುತ್ತಾ ಇರುತ್ತವೆ. ಇವತ್ತು ಇದ್ದ ವಾಸನೆ ನಾಳೆ ಇರುವುದಿಲ್ಲ, ದಾರಿಯಲ್ಲಿ ಯಾರೋ ಹೊಸಬ ಮಲಗಿರುತ್ತಾನೆ. ಚುಕ್ಕಿಗೆ ಬದಲಾಗದ ಮನೆ ಬೇಕು.

ಒಬ್ಬರು ಮಾತ್ರ ಪಾಪ ಅನ್ನಲಿಲ್ಲ. "ಮಲಗಿದ್ದಾಗ ಮುಟ್ಟಿದರೆ ಬೆಚ್ಚುತ್ತಾಳಾ?" ಅಂತ ಕೇಳಿದರು. ಬೆಚ್ಚುತ್ತಾಳೆ. ಮೊದಲು ಹೆಸರು ಕರೆಯಬೇಕು, ಆಮೇಲೆ ಮುಟ್ಟಬೇಕು. ಮನೆಯ ಮಕ್ಕಳಿಗೂ ಇದನ್ನು ಕಲಿಸಬೇಕು. ಬೆಚ್ಚಿ ಬಾಯಿ ಹಾಕಿದರೆ ತಪ್ಪು ಅವಳದಲ್ಲ. ಮೆಟ್ಟಿಲಿಗೆ ಸಣ್ಣ ಗೇಟು ಹಾಕಿಸಲೇ ಅಂದರು. ತಮ್ಮ ಮನೆಯ ಮುದಿ ನಾಯಿಯ ಕೊರಳಿಗೆ ಗೆಜ್ಜೆ ಕಟ್ಟಿದರೆ ಇವಳಿಗೆ ಅದು ಎಲ್ಲಿದೆ ಅಂತ ತಿಳಿಯುತ್ತೆ ಅಲ್ವಾ ಅಂತಲೂ ಕೇಳಿದರು.

ಈ ಭಾನುವಾರ ಚುಕ್ಕಿಯನ್ನು ಅವರ ಮನೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅವಳ ಹಳೆ ಹೊದಿಕೆಯನ್ನು ಒಗೆಯದೆ ಹಾಗೇ ಚೀಲದಲ್ಲಿ ಇಟ್ಟಿದ್ದೇನೆ.