“ಸ್ವಲ್ಪ ಪವರ್ ಇರೋದು ಕೊಡಿ”

ಈಗಷ್ಟೇ ಮೆಡಿಕಲ್ ಶಾಪಿನಿಂದ ಬಂದೆ, ತಲೆ ಕೆಟ್ಟು ಹೋಗಿದೆ. ನನ್ನ ಮುಂದಿದ್ದವರು ಮೂಗು ಒರೆಸಿಕೊಳ್ಳುತ್ತಾ, “ನೆಗಡಿ ಕಣಪ್ಪಾ. ಅಜಿತ್ರೋ ಎರಡು ಕೊಡು, ಸ್ವಲ್ಪ ಪವರ್ ಇರೋದು. ಒಂದು ಸೆಟ್ರಿಜಿನ್ನೂ ಹಾಕು” ಅಂದರು. ಅಜಿತ್ರೋ ಅಂದರೆ ಅಜಿತ್ರೊಮೈಸಿನ್, ಬ್ಯಾಕ್ಟೀರಿಯಾ ಸೋಂಕಿಗೆ ಕೊಡೋ ಆಂಟಿಬಯೋಟಿಕ್. ಹುಡುಗ ಚೀಟಿ ಕೇಳಲಿಲ್ಲ. ಕತ್ತರಿ ತಗೊಂಡು ಸ್ಟ್ರಿಪ್ಪಿನ ಕೆಂಪು ಗೆರೆಯ ಪಕ್ಕದಲ್ಲೇ ಕಚಕ್ ಅಂತ ಕತ್ತರಿಸಿ ಕೊಟ್ಟ. ಆ ಗೆರೆ ಅಲಂಕಾರಕ್ಕಲ್ಲ ಮಾರಾಯಾ, ಡಾಕ್ಟರ್ ಚೀಟಿ ಇಲ್ಲದೆ ಕೊಡಬೇಡ ಅಂತ!

ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತೇ ಕೂದಲು ಬೆಳ್ಳಗಾದವನು ನಾನು. ಈ ‘ಪವರ್’ ಯಾವುದು ಅಂತ ಇವತ್ತಿಗೂ ತಿಳಿದಿಲ್ಲ. ಅಮಾಕ್ಸಿಸಿಲಿನ್, ಸೆಫಿಕ್ಸಿಮ್ ಥರದ ಆಂಟಿಬಯೋಟಿಕ್ ಬ್ಯಾಕ್ಟೀರಿಯಾಗೆ ಗೋಡೆ ಕಟ್ಟಲು ಬಿಡಲ್ಲ. ಅಜಿತ್ರೊಮೈಸಿನ್ ಅದರ ಪ್ರೋಟೀನ್ ತಯಾರಿ ನಿಲ್ಲಿಸುತ್ತೆ. ನೆಗಡಿ ವೈರಸ್ಸಿಗೆ ಗೋಡೆಯೇ ಇಲ್ಲ, ಸ್ವಂತ ಪ್ರೋಟೀನ್ ಕಾರ್ಖಾನೆಯೂ ಇಲ್ಲ. ಹೊಡೆಯೋದು ಯಾರಿಗೆ? ನೆಗಡಿ ತಾನಾಗಿ ಇಳಿಯುತ್ತೆ, ಹೆಸರು ಅಜಿತ್ರೋಗೆ ಬರುತ್ತೆ.

ಸೆಟ್ರಿಜಿನ್ ಅಲರ್ಜಿ ಸೀನಿಗೆ, ತುರಿಕೆಗೆ ಒಳ್ಳೇ ಮಾತ್ರೆ. ಹಳೇ ಅಲರ್ಜಿ ಮಾತ್ರೆಗಳಾದ ಅವಿಲ್, ಸಿಪಿಎಂ ಥರ ಮಿದುಳಿಗೆ ನುಗ್ಗಿ ಮಲಗಿಸಲ್ಲ, ಆದರೂ ಕೆಲವರಿಗೆ ಕಣ್ಣು ಎಳೆಯುತ್ತೆ. ಈ ಮಹಾನುಭಾವರು ಅಲ್ಲೇ ನುಂಗಿ ಕಾರು ಹತ್ತಿದರು.

“ಡಾಕ್ಟರ್ ಫೀಸು, ಕ್ಯೂ, ಅರ್ಧ ದಿನದ ಕೂಲಿ ಹೋಗುತ್ತಲ್ಲ, ಬಡವರು ಏನು ಮಾಡಬೇಕು?” ಅಂತ ಕಾಮೆಂಟಿಗೆ ಬರ್ತೀರಿ. ನ್ಯಾಯವೇ. ಆದರೆ ಸಾದಾ ನೆಗಡಿಗೆ ಡಾಕ್ಟರೂ ಬೇಡ, ಅಜಿತ್ರೋನೂ ಬೇಡ, ದುಡ್ಡು ಉಳೀತಲ್ಲ! ಅಂದಹಾಗೆ, ಕಾರು ಹತ್ತಿದವರಿಗೆ ಯಾವ ಕೂಲಿ ಹೋಗ್ತಿತ್ತೋ.

ಇಷ್ಟು ಉರಿ ಯಾಕೆ ಅಂದರೆ, ಅಮ್ಮನ ಯೂರಿನ್ ಕಲ್ಚರ್ ರಿಪೋರ್ಟು, ಮೂತ್ರದ ಬ್ಯಾಕ್ಟೀರಿಯಾ ಯಾವ ಔಷಧಿಗೆ ಬಗ್ಗುತ್ತೆ ಅಂತ ನೋಡೋ ಪರೀಕ್ಷೆ. ಸಿಪ್ರೊಫ್ಲಾಕ್ಸಾಸಿನ್ ಎದುರು ‘ಆರ್’, ಸೆಫಿಕ್ಸಿಮ್ ಎದುರು ‘ಆರ್’, ಮಾತ್ರೆಗಳ ಸಾಲಿನ ಕೆಳಗಿನವರೆಗೂ ಆರ್, ಆರ್. ರೆಸಿಸ್ಟೆಂಟ್, ಅಂದರೆ ಆ ಔಷಧಿಗೆ ಬ್ಯಾಕ್ಟೀರಿಯಾ ಜಗ್ಗಲ್ಲ. ಮಾತ್ರೆಯಲ್ಲಿ ಮುಗಿಯಬೇಕಿದ್ದ ಉರಿಮೂತ್ರ ಅಡ್ಮಿಟ್ ಆಗಿ ಮೆರೊಪೆನೆಮ್ ಇಂಜೆಕ್ಷನ್ ತನಕ ಹೋಯಿತು. ಅಮ್ಮ ತಲೆನೋವಿಗೂ ಮಾತ್ರೆ ಮುಟ್ಟದವಳು. ಊರವರೆಲ್ಲ ಎರಡೆರಡು ಮಾತ್ರೆ ನುಂಗಿ, ಔಷಧಿಗೆ ಬಗ್ಗದ ಹಾಗೆ ಪಳಗಿಸಿದ ಬ್ಯಾಕ್ಟೀರಿಯಾ ಅವಳ ಮೈಗೆ ಬಂತು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲೇ ಹೇಳಿದ್ದ, ಅರೆಬರೆ ಡೋಸು ತಿಂದರೆ ಹೀಗೇ ಆಗುತ್ತೆ ಅಂತ. ಕೇಳಿದವರ್ಯಾರು?

ಸೆಫಿಕ್ಸಿಮ್ ಶೆಡ್ಯೂಲ್ ಎಚ್1ರಲ್ಲಿದೆ, ಅಂದರೆ ಬಿಗಿ ಕಾವಲಿನ ಔಷಧಿಗಳ ಸರ್ಕಾರಿ ಪಟ್ಟಿಯಲ್ಲಿ. ಮಾರಿದರೆ ರೋಗಿಯ ಹೆಸರು, ಡಾಕ್ಟರ್ ಹೆಸರು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಮುಂದಿನ ಸಲ ಹೋದಾಗ ಆ ರಿಜಿಸ್ಟರ್ ತೋರಿಸಪ್ಪಾ ಅಂತ ಕೇಳೋನೇ. ನನ್ನ ಮುಖ ಕಂಡು ಶಟರ್ ಎಳೆದುಕೊಂಡರೂ ಸರಿ.